ಕಾಳಿಂಗ ಕೂಸಿನೋರನ್ನು ಹುಡುಕಿದ್ದು

ಹ್ಞೂಂಗುಟ್ಟೋರು ಇದ್ದರೆ ಹೇಳುತ್ತೇನೆ, ಆಕಳಿಸೋರು ಈಗಲೇ ಎದ್ದು ಹೋಗಬಹುದು. ಒಂದೂರಲ್ಲಿ ಸಾಕವ್ವ ಅಂತ ಒಬ್ಬಳು, ಅವಳಿಗೆ ಕಾಳಿಂಗ ಅಂತ ಒಬ್ಬನೇ ಮಗ. ಪೆದ್ದ ಅಂದರೆ ಎಂಥ ಪೆದ್ದ! ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವನು. ಹಿಂದಿನಿಂದ ನಾಯಿ ಬಂದು ಮುದ್ದೆ ಕಚ್ಚಿಕೊಂಡು ಹೋದರೂ ಕಣ್ಣು ಆಚೀಚೆ ಮಾಡುವನಲ್ಲ.

"ದೇವ್ರೇ, ಇವನನ್ನ ಹೊತ್ತು ಹೆತ್ತಿದ್ದಕ್ಕೆ ನಂಗೆ ಸಿಕ್ಕಿದ ಭಾಗ್ಯವಾ ಇದು!" ಅಂತ ಸಾಕವ್ವ ಹಣೆ ಚಚ್ಚಿಕೊಳ್ಳುವಳು.

"ಹೂಂ ಕಣವ್ವ" ಅನ್ನುವನು ಕಾಳಿಂಗ.

ಮಗ ಪೆದ್ದ ಅನ್ನುವ ಸಂಕಟ ಒಂದು ಕಡೆಗಿರಲಿ. ಸಾಕವ್ವನ ಹೊಟ್ಟೆ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಗೋಡೆಯಾಚೆಗೆ ಅವಳ ಓರಗಿತ್ತಿ ಹೊಂಬಾಳವ್ವನ ಮನೆ. ಮೊದಲು ಒಂದೇ ಮನೆ, ಆಮೇಲೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡದ್ದು. ಪಾತ್ರೆ ಹಂಚಿದರು, ದನ ಹಂಚಿದರು, ಒನಕೆಯನ್ನೂ ಹಂಚಿದರು. ತೊಟ್ಟಿಲು ಮಾತ್ರ ಒಂದೇ ಇತ್ತು. ಹಲಸಿನ ಮರದ್ದು, ನಾಲ್ಕು ಮೂಲೆಗೂ ಬಣ್ಣದ ಗಿಳಿ. "ಈ ಹೊಸಿಲೊಳಗೆ ಯಾವ ಕೂಸು ಮೊದ್ಲು ಹುಟ್ತದೋ ಅದಕ್ಕೇ ತೊಟ್ಲು" ಅಂದುಬಿಟ್ಟಳು ಅತ್ತೆ. ಆಗ ಇಬ್ಬರು ಸೊಸೆಯರೂ ಬಸುರಿ, ಇಬ್ಬರಿಗೂ ಒಂದೇ ತಿಂಗಳು. ಹೊಂಬಾಳವ್ವ ಬೇಗ ಹೆತ್ತಳು. ಕಾಳಿಂಗ ಮಾತ್ರ ಇವತ್ತು ಬಂದಾನು, ನಾಳೆ ಬಂದಾನು, ಬರಲೇ ಇಲ್ಲ! "ಇನ್ನೂ ಆಗ್ಲಿಲ್ವಾ ಸಾಕವ್ವ?" ಅಂತ ಊರವರು ಕೇಳಿ ಕೇಳಿ ಬೇಸತ್ತ ಮೇಲೆ ಹುಟ್ಟಿದ.

ತೊಟ್ಟಿಲು ಹೊಂಬಾಳವ್ವನ ತೊಲೆಗೆ ನೇತುಬಿತ್ತು. ಕಾಳಿಂಗ ಹಳೇ ಸೀರೆಯ ಜೋಲಿಯಲ್ಲಿ ಬೆಳೆದ. ಗೋಡೆಯಾಚೆ ಕಿರ್ ಕಿರ್ ಸದ್ದಾದಾಗಲೆಲ್ಲ ಸಾಕವ್ವನಿಗೆ ಬಾಯಿಗಿಟ್ಟ ತುತ್ತು ಇಳಿಯುತ್ತಿರಲಿಲ್ಲ. ಆ ಹೊಟ್ಟೆಕಿಚ್ಚು ಕಾಳಿಂಗನಿಗೆ ಮೀಸೆ ಬಂದರೂ ಆರಲಿಲ್ಲ, ಮದುವೆಯಾದರೂ ಆರಲಿಲ್ಲ.

ಈಗ ಕೇಳಿ. ಕಾಳಿಂಗನ ಹೆಂಡತಿ ದೇವೀರಿ ಬಸುರಿಯಾದಳು. ಅದೇ ಹೊತ್ತಿಗೆ ಹೊಂಬಾಳವ್ವನ ಸೊಸೆ ರತ್ನಿಯೂ ಬಸುರಿಯಾದಳು! ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಅತ್ತೆಯ ಮಾತು ಸತ್ತಿರಲಿಲ್ಲ. ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದು ಎಲ್ಲ ಕಡೆಯ ರೂಢಿ. ಇವರಿಬ್ಬರೂ ಕಳಿಸಲಿಲ್ಲ. ಕಳಿಸಿದರೆ ಕೂಸು ಈ ಹೊಸಿಲೊಳಗೆ ಹುಟ್ಟುವುದು ಹೇಗೆ?

ನರ್ಸಮ್ಮ ಸೈಕಲ್ ಮೇಲೆ ಬಂದು ಇಬ್ಬರ ಹೊಟ್ಟೆಯನ್ನೂ ಮುಟ್ಟಿ ನೋಡಿ, ಇಬ್ಬರಿಗೂ "ಯುಗಾದಿ ಹೊತ್ತಿಗೆ" ಅಂದುಬಿಟ್ಟಳು. ಒಂದೇ ಮಾತು, ಒಂದೇ ದಿನ! ಸಾಕವ್ವನಿಗೆ ಅನ್ನ ಸೇರಲಿಲ್ಲ.

"ಲೋ ಕಾಳಿಂಗ, ನರ್ಸಮ್ಮನ ತಾವ್ ಓಗು. ನಮ್ದು ಹಬ್ಬಕ್ಕಿಂತ ಮೊದ್ಲು ಆಗೋ ಹಂಗೆ ಏನಾರ ಮಾಡಾಕಾಯ್ತದಾ ಕೇಳ್ಕೊಂಡು ಬಾ. ಅವ್ರು ಏನ್ ಹೇಳ್ತಾರೋ ಹಂಗೇ ಮಾಡು!"

ಹೋದ. ಕೇಳಿದ. ನರ್ಸಮ್ಮ ನಕ್ಕಳು. "ಯುಗಾದಿ ಅಂದಿದ್ದು ಒಂದು ಅಂದಾಜು ಕಣಪ್ಪ. ಎರಡು ವಾರ ಮೊದಲೂ ಆಗಬಹುದು, ಎರಡು ವಾರ ಆಮೇಲೂ ಆಗಬಹುದು. ಎರಡೂ ಸರಿಯೇ. ಕಾಯನ್ನ ಹಿಸುಕಿ ಹಣ್ಣು ಮಾಡೋಕಾಗುತ್ತಾ? ಅದಾಗದೇ ಹಣ್ಣಾಗಬೇಕು. ಬೆಚ್ಚಗೆ ನೋಡಿಕೋ, ಅಷ್ಟೇ."

ಕಾಳಿಂಗ ಓಡಿ ಬಂದ. ಹಿತ್ತಲಿನ ಬಣವೆಯಿಂದ ಹುಲ್ಲು ಹಿರಿದ. ಮಾವಿನಕಾಯಿಗೆ ಹಾಸುವ ಹಾಗೆ ನಡುಮನೆಗೆಲ್ಲ ಹಾಸಿದ. ದೇವೀರಿಯನ್ನು ಮಲಗಿಸಿದ, ಕತ್ತಿನವರೆಗೂ ಹುಲ್ಲು ಮುಚ್ಚಿದ. ಗಳಿಗೆಗೊಂದು ಸಲ ಬಂದು ಅವಳ ಕೆನ್ನೆ ಒತ್ತಿ ನೋಡುವನು, ಮೂಸಿ ನೋಡುವನು, "ಇನ್ನೂ ಗಟ್ಟಿ ಅದೆ" ಅಂತ ಹೋಗುವನು.

ಸಾಕವ್ವ ಗದ್ದೆಯಿಂದ ಬಂದು ನೋಡುತ್ತಾಳೆ, ಹುಲ್ಲಿನ ಗುಡ್ಡೆಯೊಳಗಿಂದ ಸೊಸೆ ಸೀನುತ್ತಿದ್ದಾಳೆ!

"ಅಯ್ಯೋ ಮೂದೇವಿ! ನಿನ್ನ ಹೆಂಡ್ತಿ ಮಾವಿನಕಾಯೇನ್ಲಾ!"

"ಹಣ್ಣಾಗ್ಬೇಕು ಅಂದ್ರು ಕಣವ್ವ."

"ಹುಲ್ಲಲ್ಲಿ ಹಾಕು ಅಂದ್ರಾ? ಬಸುರಿ ಹೆಂಗಸು ಮೊದ್ಲೇ ಭಾರ ಹೊತ್ತಿರ್ತಾಳೆ. ಹೆಂಗಸ್ರು ಭಾರ ಹೊತ್ಕೊಂಡು ಬರೋದ ಕಂಡ್ರೆ ಓಡೋಗಿ ಇಳಿಸ್ಬೇಕು. ಅದು ಕಲಿ!"

"ಹೂಂ ಕಣವ್ವ. ಭಾರ ಕಂಡ್ರೆ ಇಳಿಸ್ತೀನಿ."

ಮಾರನೇ ದಿನ ಹೊಂಬಾಳವ್ವ ಬೀಗರ ಊರಿಂದ ಬರುತ್ತಿದ್ದಳು. ತಲೆಯ ಮೇಲೆ ಒಂದು ಮಂಕರಿ, ಅದರ ತುಂಬ ಚಿಗಳಿ, ಕರ್ಜಿಕಾಯಿ, ರವೆಉಂಡೆ. ರತ್ನಿಯ ಬಯಕೆಗೆ ಅಂತ ತವರವರು ಕಟ್ಟಿ ಕೊಟ್ಟದ್ದು. ಎದುರಿಗೆ ಕುರಿಮಂದೆ ಬರುತ್ತಿತ್ತು. ಕಾಳಿಂಗ ಕಂಡ. ಓಡಿದ. ದೊಡ್ಡವ್ವನ ತಲೆಯಿಂದ ಮಂಕರಿ ಕಿತ್ತು ದಾರಿಯ ನಡುವೆ ಇಳಿಸಿದ, ಕೈ ಕೊಡವಿಕೊಂಡು ಹೊರಟೇಬಿಟ್ಟ. ಹೊಂಬಾಳವ್ವ ಬಾಯಿ ಬಿಡುವಷ್ಟರಲ್ಲಿ ಕುರಿಗಳು ಬಯಕೆ ತೀರಿಸಿಕೊಂಡವು!

ಹೊಂಬಾಳವ್ವ ಗೋಡೆಯಾಚೆಯಿಂದ ಬೈದದ್ದು ಕೆರೆ ಏರಿಯವರೆಗೂ ಕೇಳಿಸಿತು. ಸಾಕವ್ವ ಬಾಯಲ್ಲಿ ಮಗನನ್ನು ಬೈದಳು. ಸುಳ್ಳು ಯಾಕೆ ಹೇಳಲಿ, ರತ್ನಿಗೆ ಸಿಗಬೇಕಾದದ್ದು ಕುರಿಗೆ ಸಿಕ್ಕಿತಲ್ಲ ಅಂತ ಒಳಗೊಳಗೆ ಅವಳ ಹೊಟ್ಟೆ ತಣ್ಣಗಾಯಿತು. ತನ್ನ ಸೊಸೆಗೆ ಸಿಗಲಿಲ್ಲವಲ್ಲ ಅಂತ ಮತ್ತೆ ಉರಿಯಿತು.

"ದಡ್ಡ ಶಿಖಾಮಣಿ! ಬೀದೀಲಿ ಇಳಿಸಿ ಬತ್ತಾರೇನ್ಲಾ? ತಿನ್ನೋ ವಸ್ತುವ ಕುರಿಗೆ ಬಿಟ್ಟು ಬತ್ತಾರಾ? ಆ ಮನೇಲಿ ತಿನ್ನೋದು ಏನ್ ಕಂಡ್ರೂ ಸೀದಾ ತಂದು ದೇವೀರಿ ಬಾಯಿಗೆ ಹಾಕು. ಅವಳು ಚೆನ್ನಾಗಿ ತಿಂದು ಬೇಗ ಹೆರ್ಲಿ!"

"ಹೂಂ ಕಣವ್ವ. ಬಾಯಿಗೆ ಹಾಕ್ತೀನಿ."

ಆ ಸಂಜೆ ಹೊಂಬಾಳವ್ವ ಎತ್ತಿಗೆ ಅಂತ ಹಿಂಡಿ, ಬೂಸ, ಹತ್ತಿಕಾಳು ಕಲೆಸಿ ಬಾನಿಯಲ್ಲಿ ಇಟ್ಟಿದ್ದಳು. ಎತ್ತು ಮೂತಿ ಇಡುವ ಮೊದಲೇ ಕಾಳಿಂಗ ಬಾನಿ ಎತ್ತಿಕೊಂಡ. ಸಾಕವ್ವ ಬಂದು ನೋಡಿದರೆ ದೇವೀರಿ ಬಾಯಿಗೆ ಸೆರಗು ಒತ್ತಿಕೊಂಡು ಮೂಲೆ ಸೇರಿದ್ದಾಳೆ. ಇವನು ಹಿಡಿ ಹಿಡಿ ಬೂಸ ಹಿಡಿದು, "ಒಂದೇ ತುತ್ತು, ತಿನ್ನು ನನ್ನವ್ವ, ಬೇಗ ಹೆರೀವಂತೆ" ಅಂತ ರಮಿಸುತ್ತಿದ್ದಾನೆ!

"ಅತ್ತೆ, ನನ್ನ ತವರಿಗೆ ಕಳಿಸ್ಬಿಡಿ!" ಅಂತ ದೇವೀರಿ ಅತ್ತಳು.

"ಕಳಿಸಿದ್ರೆ ತೊಟ್ಲು ಓಯ್ತದೆ ಕಣೇ" ಅಂದಳು ಸಾಕವ್ವ. ಆಮೇಲೆ ಮಗನ ಕಡೆ ತಿರುಗಿ ಎರಡೂ ಕೈ ಮುಗಿದಳು. "ಲೋ ನಿನ್ನ ದಮ್ಮಯ್ಯ. ನೀನು ಇನ್ನು ಏನೂ ಮಾಡ್ಬೇಡ, ಏನೂ ತರ್ಬೇಡ. ನೀನು ತರೋದು ಒಂದೇ. ಕೂಸು ಹುಟ್ಟಿ ಕ್ಯಾರ್ ಅಂತ ಅತ್ತಿದ್ದು ಕಿವೀಗೆ ಬಿತ್ತೋ, ದೊಡ್ಡವ್ವನ ಮನೆಗೆ ನುಗ್ಗು, ತೊಟ್ಲು ಬಿಚ್ಚು, ಕೂಸನ್ನ ಅದ್ರೊಳಗೆ ಮಲಗ್ಸು, ನಮ್ಮ ತೊಲೆಗೆ ಕಟ್ಟು. ಯಾರು ಏನಂದ್ರೂ ನಿಲ್ಬೇಡ!"

"ಹೂಂ ಕಣವ್ವ. ನಿಲ್ಲಲ್ಲ."

ಹಬ್ಬಕ್ಕೆ ಇನ್ನೂ ಎರಡು ವಾರವಿತ್ತು. ಬೇವಿನ ಮರದಲ್ಲಿ ಹೂವೂ ಸರಿಯಾಗಿ ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಸಾಕವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೋಡೆಯಾಚೆಯಿಂದ ಕ್ಯಾರ್ ಅಂತ ಕೇಳಿಸಿತು.

ಸಾಕವ್ವನ ಕೈಯಿಂದ ಸೀರೆ ಜಾರಿತು. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ರತ್ನಿ ಹೆತ್ತಳು! ಈ ಸಲವೂ ಅವರೇ! "ಯುಗಾದಿ ಅಂದಿದ್ರಲ್ಲ, ಯುಗಾದಿ ಅಂದಿದ್ರಲ್ಲ" ಅಂತ ಒಬ್ಬಳೇ ಹೇಳಿಕೊಂಡಳು. ಕಣ್ಣು ಒರೆಸಿಕೊಂಡು ಮನೆಯೊಳಗೆ ಬಂದರೆ ಕಿರ್ ಕಿರ್ ಅಂತ ಸದ್ದು. ಗೋಡೆಯಾಚೆಯಲ್ಲ, ತನ್ನ ಮನೆಯಲ್ಲೇ!

ತೊಲೆಗೆ ತೊಟ್ಟಿಲು ಕಟ್ಟಿದೆ. ನಾಲ್ಕು ಗಿಳಿಯೂ ತೂಗುತ್ತಿವೆ. ಒಳಗೆ ಬೆರಳುದ್ದದ ಮುಖ ಮಾಡಿಕೊಂಡು ಒಂದು ಕೂಸು!

"ಮೊರದಲ್ಲಿ ಮಲಗಿಸಿದ್ರು ಕಣವ್ವ" ಅಂದ ಕಾಳಿಂಗ. "ಅತ್ತಿದ್ದು ಕೇಳ್ತು, ನುಗ್ಗಿದೆ, ಬಿಚ್ಚಿದೆ, ಮಲಗಿಸಿದೆ, ಕಟ್ಟಿದೆ. ಅವರೆಲ್ಲ ರತ್ನೀಗೆ ನೀರು ಹಾಕ್ತಿದ್ರು. ನಿಲ್ಲೋ ಅಂತ ಕಿರಿಚಿದ್ರು, ನಾನು ನಿಲ್ಲಲಿಲ್ಲ!"

ಬೈಯಬೇಕು ಅಂತ ಸಾಕವ್ವ ಬಾಯಿ ತೆರೆದಳು. ಕೈ ಮಾತ್ರ ಹೋಗಿ ತೊಟ್ಟಿಲ ಹಗ್ಗ ಹಿಡಿಯಿತು. ಜೀವಮಾನವೆಲ್ಲ ಆಸೆಪಟ್ಟ ತೊಟ್ಟಿಲು ತನ್ನ ತೊಲೆಗೆ ಬಂದಿತ್ತು, ಬೇರೆಯವರ ಕೂಸನ್ನು ಹೊತ್ತು ಬಂದಿತ್ತು. ಒಂದು ಸಲ ತೂಗಿದಳು. ಇನ್ನೊಂದು ಸಲ ತೂಗುವಷ್ಟರಲ್ಲಿ ಹೊಂಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನುಗ್ಗಿದಳು.

"ತೊಟ್ಲು ಸಾಲ್ದು ಅಂತ ಕೂಸ್ನೂ ಕದ್ಯೇನೇ ಸಾಕಿ!"

"ನಿನ್ನ ಮೊಮ್ಮಗ ಯಾರಿಗ್ಬೇಕಕ್ಕ! ಬೆಕ್ಕಿನಮರಿ ಇದ್ದಂಗದೆ, ತಗೊಂಡೋಗು!"

"ಬೆಕ್ಕಿನಮರಿಯಾದ್ರೂ ಮೊದ್ಲು ಬಂತು! ನಿಮ್ಮ ಕಡೆ ಕೂಸ್ಗೊಳಿಗೆ ಎದ್ದೇಳಾಕೇ ಸೋಂಬೇರಿತನ!"

ಇಬ್ಬರೂ ಬೈದು ಬೈದು ಸುಸ್ತಾದರು. ಆಮೇಲೆ ಇಬ್ಬರೂ ಕೂಡಿ ಕಾಳಿಂಗನನ್ನು ಹಿಡಿದುಕೊಂಡರು. ಗೋಡೆ ಎದ್ದ ಮೇಲೆ ಅವರಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದೇ.

"ಕೂಸು ಯಾರ್ದು ಅಂತ ಕೇಳ್ದೆ ಎತ್ಕೊಂಡು ಬತ್ತಾರೇನ್ಲಾ!" ಅಂದಳು ಹೊಂಬಾಳವ್ವ.

"ಇನ್ನೊಂದ್ಸಲ ಕೂಸು ಕೈಗೆ ಬಂದ್ರೆ, ಯಾರ್ದು ಅಂತ ಕೇಳು!" ಅಂದಳು ಸಾಕವ್ವ. "ಯಾರು ನಂದು ಅಂತಾರೋ ಅವರ ಕೈಗೇ ಕೊಡು!"

"ಹೂಂ ಕಣವ್ವ. ಹೂಂ ಕಣ್ ದೊಡ್ಡವ್ವ. ಕೇಳಿ ಕೊಡ್ತೀನಿ."

ತೊಟ್ಟಿಲು ವಾಪಸ್ಸು ಹೋಯಿತು. ಯುಗಾದಿ ಬಂತು. ಸಾಕವ್ವ ಬೇವುಬೆಲ್ಲ ಕೊಟ್ಟು ಸೊಸೆಯ ಮುಖವನ್ನೇ ನೋಡಿದಳು. ದೇವೀರಿ ಒಬ್ಬಟ್ಟು ತಿಂದಳು, ಇನ್ನೊಂದು ಕೇಳಿದಳು, ಮಲಗಿದಳು. ನೋವಿಲ್ಲ, ಗೀವಿಲ್ಲ! ಹಬ್ಬ ಕಳೆಯಿತು, ವರ್ಷತೊಡಕು ಕಳೆಯಿತು, ಮುಂದಿನ ಸಂತೆಯೂ ಕಳೆಯಿತು. ಗೋಡೆಯಾಚೆ ಕಿರ್ ಕಿರ್ ನಡೆದೇ ಇತ್ತು. "ಇನ್ನೂ ಆಗ್ಲಿಲ್ವಾ?" ಅಂತ ಊರವರು ಹಳೆಯ ಮಾತನ್ನೇ ಹೊಸದಾಗಿ ಕೇಳತೊಡಗಿದರು. ತೊಟ್ಟಿಲು ಹೋದ ಉರಿಯ ಜೊತೆಗೆ ಈಗ ಸಾಕವ್ವನಿಗೆ ಹೆದರಿಕೆಯೂ ಹತ್ತಿತು.

"ತಾರೀಕು ತಪ್ಪೋಯ್ತಲ್ಲ ನರ್ಸಮ್ಮ!"

ನರ್ಸಮ್ಮ ಎರಡು ದಿನಕ್ಕೊಮ್ಮೆ ಬಂದು ಕೂಸಿನ ಎದೆಬಡಿತ ಕೇಳುತ್ತಿದ್ದಳು. "ತಪ್ಪಿದ್ದು ನನ್ನ ಅಂದಾಜು ಸಾಕವ್ವ, ಇವಳ ಹೊಟ್ಟೆಯಲ್ಲ. ಬಡಿತ ಚೆನ್ನಾಗಿದೆ, ಕೂಸು ಆಡುತ್ತಿದೆ. ರತ್ನಿದು ಆಗ ಸರಿ, ಇವಳದು ಈಗ ಸರಿ. ಇನ್ನೂ ತೀರಾ ತಡವಾದರೆ ನಾನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ."

ಹೋಗಬೇಕಾಗಲಿಲ್ಲ. ಒಂದು ಮಧ್ಯಾಹ್ನ ದೇವೀರಿ ಹೆತ್ತಳು. ಹೆಣ್ಣು ಕೂಸು. ತಲೆ ತುಂಬ ಕೂದಲು, ಕೆನ್ನೆ ಅಂದರೆ ಆಗ ತಾನೇ ಉಬ್ಬಿದ ಪೂರಿ! ಸಾಕವ್ವ ಒಲೆಯ ಮುಂದೆ ಬಾಣಂತಿಗೆ ನೀರು ಕಾಯಿಸುತ್ತಾ ಅಳುತ್ತಾ ನಗುತ್ತಾ ಇದ್ದಳು. ನರ್ಸಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊಸಿಲ ಹತ್ತಿರ ನಿಂತಿದ್ದ ಕಾಳಿಂಗನ ಕೈಗಿಟ್ಟಳು. "ತಗೋ, ಹಿಡಿ!"

"ಯಾರ್ದು ಈ ಕೂಸು?" ಅಂತ ಕೇಳಿದ ಕಾಳಿಂಗ.

ನರ್ಸಮ್ಮ ತಮಾಷೆ ಅಂದುಕೊಂಡು ನಕ್ಕು ಒಳಗೆ ಹೋದಳು. ನಂದು ಅನ್ನಲಿಲ್ಲ! ಕಾಳಿಂಗ ಬೀದಿಗಿಳಿದ. ಸೊಪ್ಪು ಮಾರುವವಳು ಸಿಕ್ಕಳು.

"ಯಕ್ಕಾ, ಈ ಕೂಸು ನಿಂದಾ?"

"ಥೂ! ನಂದಲ್ಲ, ನಡಿಯೋ!"

ಜಗುಲಿಯ ಮೇಲೆ ಹಲ್ಲಿಲ್ಲದ ಮುದುಕ ಕೂತಿದ್ದ. "ತಾತಾ, ನಿಂದಾ?"

"ಈ ವಯಸ್ನಲ್ಲಿ ನನ್ಮೇಲೆ ಯಾಕಪ್ಪ ಅಪವಾದ!"

ಕೇಳಿದ, ಕೇಳಿದ, ಬೀದಿಯೆಲ್ಲ ಕೇಳಿದ. ನಂದು ಅನ್ನುವವರು ಒಬ್ಬರಿಲ್ಲ. ಕೊನೆಗೆ ಹೊಂಬಾಳವ್ವನ ಬಾಗಿಲಿಗೆ ಬಂದ.

"ದೊಡ್ಡವ್ವಾ, ಈ ಕೂಸು ನಿಮ್ದಾ?"

ಹೊಂಬಾಳವ್ವ ಬಟ್ಟೆ ಸರಿಸಿ ನೋಡಿದಳು. ಆ ಕೆನ್ನೆ ನೋಡಿದಳು, ಆ ಕೂದಲು ನೋಡಿದಳು. ತನ್ನ ಮೊಮ್ಮಗನಿಗೆ ಇನ್ನೂ ತಲೆಯಲ್ಲಿ ನಾಲ್ಕು ಕೂದಲು. ಈ ಸಲ ಹೊಟ್ಟೆಕಿಚ್ಚು ಹೊಂಬಾಳವ್ವನ ಕಡೆ ಹತ್ತಿತು. ಅಷ್ಟರಲ್ಲಿ ಕೂಸು ಆಕಳಿಸಿತು, ಹೊಂಬಾಳವ್ವನ ಕೈ ಎರಡೂ ತಾವಾಗೇ ಮುಂದೆ ಬಂದವು.

"ನಂದೇ ಕಣ್ಲಾ! ನಮ್ಮನೆ ಕೂಸು ನಂದಲ್ದೆ ಇನ್ಯಾರ್ದು? ಕೊಡಿಲ್ಲಿ!"

ಕಾಳಿಂಗ ಖಾಲಿ ಕೈ ಬೀಸಿಕೊಂಡು ಮನೆಗೆ ಬಂದ.

"ಕೂಸೆಲ್ಲೋ?" ಅಂದಳು ಸಾಕವ್ವ.

"ಕೂಸಿನೋರು ಸಿಕ್ಕುದ್ರು ಕಣವ್ವ! ದೊಡ್ಡವ್ವ ನಂದೇ ಅಂದ್ರು, ಕೊಟ್ಬಂದೆ!"

ಸಾಕವ್ವ ಸೌದೆಯನ್ನು ಕೈಯಲ್ಲಿ ಹಿಡಿದೇ ಓಡಿದಳು. ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ನಾಲಿಗೆ ತುದಿಗೆ ಬಂದಿತ್ತು. ಹೊಂಬಾಳವ್ವನ ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಒಂದು ಕಡೆ ರತ್ನಿಯ ಮಗ, ಇನ್ನೊಂದು ಕಡೆ ತನ್ನ ಮೊಮ್ಮಗಳು, ಸುತ್ತ ನಾಲ್ಕು ಗಿಳಿ. ಸಾಕವ್ವನ ಬೈಗುಳ ಅಲ್ಲೇ ನಿಂತಿತು.

"ಜೋರಾಗಿ ತೂಗ್ಬೇಡಕ್ಕ" ಅಂದಳು ಸೌದೆ ಕೆಳಗಿಟ್ಟು. "ನಂದು ಭಾರ, ನಿಂದು ಹಗುರ. ವಾಲ್ತದೆ."

"ಭಾರ ಇರ್ದೆ ಏನು! ಇಷ್ಟು ದಿನ ಒಳಗೇ ಕೂತು ಉಂಡದೆ" ಅಂದಳು ಹೊಂಬಾಳವ್ವ. ಅಂದವಳು ಹಗ್ಗದ ಒಂದು ತುದಿಯನ್ನು ಸಾಕವ್ವನ ಕಡೆ ಎಸೆದಳು. ಯಾರು ಹೆಚ್ಚು ತೂಗುತ್ತಾರೆ ಅಂತ ಇಬ್ಬರೂ ಓರೆಗಣ್ಣಲ್ಲಿ ನೋಡಿಕೊಳ್ಳುತ್ತಾ ತೂಗತೊಡಗಿದರು.

ಅಷ್ಟು ಹೊತ್ತಿಗೆ ಗೋಡೆಯಾಚೆಯಿಂದ ದೇವೀರಿ ಕೂಗಿಕೊಂಡಳು. "ನನ್ನ ಕೂಸೆಲ್ಲಿ? ಯಾರಾದ್ರೂ ನನ್ನ ಕೂಸು ತಂದ್ಕೊಡ್ರೋ!"

ಕಾಳಿಂಗ ತಮ್ಮ ಮನೆಯ ಬಾಗಿಲಲ್ಲೇ ಇದ್ದ. ಪಾಪ, ಹೆಂಡತಿಯ ಗೋಳು ಕೇಳಿ ಒಳಗೆ ಇಣುಕಿದ.

"ಅಯ್ಯೋ, ನಿನ್ ಕೂಸೂ ಕಳೆದೋಯ್ತಾ ದೇವೀರಿ! ಅಳ್ಬೇಡ, ತಡಿ. ದೊಡ್ಡವ್ವನ ಮನೇಲಿ ಎರಡವೆ, ಒಂದ ಕೇಳಿ ಇಸ್ಕೊಂಡ್ ಬತ್ತೀನಿ!"