ಶಾವಂತ್ರೆವ್ವನ ಮೀಸಲು ಬದನೆ

ಹುಣಸಿಕೊಪ್ಪದ ಮಠಕ್ಕೆ ಬಂದವರು ಶ್ರೀ ಗುರುಶಾಂತ ಶಿವಯೋಗಿಗಳನ್ನು ಪೀಠದ ಮೇಲೆ ಹುಡುಕಿದರೆ ಸಿಗುತ್ತಿರಲಿಲ್ಲ. ಪೂಜ್ಯರು ದಾಸೋಹದ ಅಡುಗೆಮನೆಯ ಹಿಂದೆ, ಗೋಣಿತಾಟಿನ ಮೇಲೆ ಕುಳಿತು ಪುಂಡಿಪಲ್ಲೆ ಸೋಸುತ್ತಿರುತ್ತಿದ್ದರು. ಹೊಸಬರು ಎಷ್ಟೋ ಸಲ ಅವರನ್ನೇ "ಅಜ್ಜಾರು ಎಲ್ಲದಾರ?" ಎಂದು ಕೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡದ್ದುಂಟು.

ಅಲ್ಲಿಗೆ ಒಂದು ಮುಂಜಾನೆ ಶಾವಂತ್ರೆವ್ವ ಬಂದು ನಿಂತಳು. ಲಗ್ನವಾಗಿ ಬಂದ ವರ್ಷ ಆಕೆ ಊರಿದ ಕುಂಬಳ ಒಣಗಿತ್ತು, ಮರುವರ್ಷ ಹೀರೆಬಳ್ಳಿ ಹೋಗಿತ್ತು. ಅಷ್ಟಕ್ಕೇ ಅತ್ತೆ ಮಲಕವ್ವ ಊರಿಗೆಲ್ಲ ಡಂಗುರ ಸಾರಿದ್ದಳು: "ನಮ್ಮ ಸೊಸಿ ಕೈಯಾಗ ಕಳ್ಳಿನೂ ಒಣಗತೈತಿ." ಮಾತು ಹಬ್ಬಿ ಹಬ್ಬಿ, ಕಡೆಗೆ ಬಿತ್ತುವ ದಿನ ಬೀಜದ ಬುಟ್ಟಿಯನ್ನು ಯಾರೂ ಆಕೆಗೆ ಮುಟ್ಟಗೊಡದಂತಾಯಿತು.

ಆ ಅಪವಾದ ತೊಳೆದುಕೊಳ್ಳಲೆಂದೇ ಶಾವಂತ್ರೆವ್ವ ಹಿತ್ತಲಲ್ಲಿ ಬದನೆ ಸಸಿ ಹಚ್ಚಿ, ಮಠದ ದಾಸೋಹಕ್ಕೆ ಮೀಸಲೆಂದು ಗಿಡಗಳಿಗೆ ಅರಿಷಿಣದ ದಾರ ಕಟ್ಟಿದ್ದಳು. ಮೀಸಲು ಕಟ್ಟಿದ ಮೇಲೆ ಮೊದಲ ಕಾಯಿ ಗುರುಗಳಿಗೆ ಮುಟ್ಟುವ ತನಕ ಗಿಡಕ್ಕೆ ಉಗುರು ತಾಗಿಸಬಾರದು. ಅದು ಅಲ್ಲಿಯ ನೇಮ. ಆಕೆ ನೀರು ಹೊಯ್ದಳು, ಕೈಮುಗಿದಳು, ಅಷ್ಟೇ. ಕುಡಿಗಳು ಒಂದೊಂದಾಗಿ ಕತ್ತು ಚೆಲ್ಲಿದವು. ಹಿಡಿದ ಕಾಯಿಗೆಲ್ಲ ತೂತು. ಹಿಂದಿನ ಸಂಜೆ ಮಲಕವ್ವ ಹೇಳಿಯೇಬಿಟ್ಟಿದ್ದಳು: "ನಾಳಿ ಕಿತ್ತು ತಿಪ್ಪಿಗೆ ಒಗೀತೀನಿ. ಹುಳಕ ಬದನಿಕಾಯಿ ಮಠಕ್ಕ ಒಯ್ದು ಮನೀ ಮಾನಾ ಕಳೀಬ್ಯಾಡ."

"ಒಂದು ಚಿಟಿಕಿ ವಿಭೂತಿ ಕೊಡ್ರಿ ಅಜ್ಜಾರ, ಗಿಡಕ್ಕ ಹಾಕ್ತೀನಿ," ಎಂದು ಆಕೆ ಎಲ್ಲವನ್ನೂ ಹೇಳಿಕೊಂಡಳು.

ಶಿವಯೋಗಿಗಳು ಸೊಪ್ಪು ಸೋಸುತ್ತಲೇ ಕೇಳಿದರು: "ಬಾಡಿದ ಕುಡಿ ಏನ್ ಮಾಡಿದಿ?"

"ಮುಟ್ಟಿಲ್ರಿ. ಮೀಸಲ ಅದಾವ್ರಿ."

ಪೂಜ್ಯರು ವಿಭೂತಿ ಕೊಡಲಿಲ್ಲ. ಮಡಿಲಿನ ಸೊಪ್ಪು ಕೊಡವಿ ಎದ್ದು, ಆಕೆಯ ಹಿತ್ತಲಿಗೇ ನಡೆದರು.

ಮಲಕವ್ವ ಆಗಲೇ ಕುಡಗೋಲು ಹಿಡಿದು ಗಿಡದ ಬುಡದಲ್ಲಿದ್ದಳು. ಗುರುಗಳನ್ನು ಕಂಡು ಸೆರಗು ಹೊದ್ದು ಸರಿದು ನಿಂತಳು. ಶಿವಯೋಗಿಗಳು ಬಾಗಿ, ಜೋತುಬಿದ್ದ ಒಂದು ಕುಡಿಯನ್ನು ಉಗುರಿನಿಂದ ಚಿವುಟಿದರು. ಶಾವಂತ್ರೆವ್ವ ತಡೆಯಲೆಂದು ಮುಂದೆ ಧಾವಿಸಿದಳು.

"ಯಪ್ಪಾ, ಮೀಸಲ ಮುರದ್ರೆಲ್ರಿ..."

ಪೂಜ್ಯರು ಕುಡಿಯನ್ನು ಸೀಳಿ ಅಂಗೈ ಮೇಲಿಟ್ಟು ತೋರಿಸಿದರು. ಒಳಗೆ ನಸುಗೆಂಪು ಹುಳವೊಂದು ಹೊಟ್ಟೆತುಂಬ ಉಂಡು ಹೊರಳುತ್ತಿತ್ತು.

"ನೀ ನನಗಂತ ಇಟ್ಟಿ, ಉಂಡಾಂವ ಇಂವ. ಮೀಸಲಂದ್ರ ಮುಟ್ಟಲಾರದ ಬಿಡೂದಲ್ಲ ತಂಗಿ, ದಿನಾ ಮುಟ್ಟಿ ಕಾಯೂದು."

ಮಲಕವ್ವ ಸುಮ್ಮನಿರುವ ಜೀವವಲ್ಲ. "ಅಲ್ರಿ ಅಜ್ಜಾರ, ಹುಳಾ ಕೊಲ್ಲೂ ಪಾಪ ನಿಮಗೋ, ಸೊಸಿಗೋ?" ಎಂದಳು.

ಪೂಜ್ಯರು ನಕ್ಕು, ಹುಳವನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು. ಗೊರವಂಕವೊಂದು ಇಳಿದು ಅದನ್ನು ಕಚ್ಚಿಕೊಂಡು ಹಾರಿತು. "ದಾಸೋಹಕ್ಕ ಅದೂ ಬಂತು ನೋಡವ್ವ. ಕುಡಗೋಲ ಒಳಗಿಡು."

ಮಲಕವ್ವ ಕುಡಗೋಲು ಒಯ್ದು ಒಳಗಿಟ್ಟಳು.

ಅಂದಿನಿಂದ ಶಾವಂತ್ರೆವ್ವ ಮುಂಜಾನೆ ಜಳಕ ಮುಗಿಸಿ ಗಿಡದ ಮುಂದೆ ಕೂತಳೆಂದರೆ ಅದೇ ಆಕೆಯ ಪೂಜೆ. ಬಾಡಿದ ಕುಡಿ ಚಿವುಟಿದಳು, ತೂತುಬಿದ್ದ ಕಾಯಿ ಕಿತ್ತಳು, ಎಲೆಯ ಅಡಿಯನ್ನು ಹೊರಳಿಸಿ ನೋಡಿದಳು. ಗೋಡೆಯ ಮೇಲೆ ಗೊರವಂಕಗಳು ಪಂಕ್ತಿ ಹಿಡಿದು ಕಾಯತೊಡಗಿದವು. ಚಿವುಟಿದಲ್ಲೆಲ್ಲ ಕವಲೊಡೆದು, ಕವಲಿಗೆಲ್ಲ ಹೂ ನಿಂತು, ಕಡೆಗೆ ಕಾಯಿಯ ಭಾರಕ್ಕೆ ಟೊಂಗೆಗಳು ನೆಲ ಮುಟ್ಟಿದವು.

ಮೀಸಲು ಒಪ್ಪಿಸುವ ದಿನ ಬುಟ್ಟಿ ಒಬ್ಬಳಿಂದ ಏಳಲಿಲ್ಲ. ಹೊರೆ ಎತ್ತಿಕೊಡಲು ಅತ್ತೆಯೇ ಬರಬೇಕಾಯಿತು. "ಸಿಂಬಿ ಸರಿ ಇಟ್ಕೋ, ಕೆಡವಿ ಮತ್ತ," ಎಂದು ಗೊಣಗಿದಳಾದರೂ ಮಠದವರೆಗೆ ಜೊತೆಗೇ ನಡೆದಳು. ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತು ನೋಡಿದರು.

ಆ ದಿನದ ದಾಸೋಹಕ್ಕೆ ಎಣ್ಣೆಗಾಯಿ. ಪಂಕ್ತಿ ಕೂತ ಮೇಲೆ ಶಿವಯೋಗಿಗಳು ಇಷ್ಟೇ ಅಪ್ಪಣೆ ಕೊಡಿಸಿದರು: "ಮೊದಲ ಸವಟು ಆಕೀ ಕೈಲೆ ಬೀಳಲಿ."

ಯಾವ ಕೈಗೆ ಊರು ಬೀಜ ಮುಟ್ಟಗೊಟ್ಟಿರಲಿಲ್ಲವೋ, ಆ ಕೈಗೆ ಅಂದು ಊರೆಲ್ಲ ಎಲೆಯೊಡ್ಡಿತು. ಶಾವಂತ್ರೆವ್ವ ನೀಡುತ್ತ ನೀಡುತ್ತ ಅತ್ತೆಯ ಮುಂದೆ ಬಂದು ಒಂದು ಸವಟು ಬಡಿಸಿದಳು. ಮಲಕವ್ವ ತಲೆಯೆತ್ತಲಿಲ್ಲ, ಎಲೆಯನ್ನು ಬದಿಗೆ ಸರಿಸಿ, ಸೆರಗಿನ ಗಂಟು ಬಿಚ್ಚಿ, ಹೀರೆಬೀಜವನ್ನು ಸೊಸೆಯ ಎಡಗೈಗೆ ಸುರುವಿದಳು.

"ನಾಳಿ ಈ ಬೀಜಾ ನೀನ ಊರವ್ವ," ಎಂದಳು. "ಈಗ ಇನ್ನೊಂದೀಟು ಪಲ್ಲೆ ನೀಡು."