ಕುಡುಗೋಲಿನಲ್ಲಿ ಕೊಯ್ದ ಕಾಡುಜೀರಿಗೆ

ಒಂದು ಪೊಟ್ಟಣ ಕಾಡುಜೀರಿಗೆ ಪುಡಿಗೆ ಒಂದು ಸೇರು ಸಜ್ಜೆ. ಮಾತು ಅಷ್ಟೇ. ಬೆಳಿಗ್ಗೆ ಹುಲಿಗೆವ್ವ ಆಶ್ರಮಕ್ಕೆ ಬಂದು ಸಜ್ಜೆ ಅಳೆದುಕೊಟ್ಟು, ಮಗನ ಹೊಟ್ಟೆಹುಳಕ್ಕೆಂದು ಪೊಟ್ಟಣ ಒಯ್ದಿದ್ದಳು.

ಮಧ್ಯಾಹ್ನ ಶಿಷ್ಯ ಕೊಟ್ರೇಶ ಹೊಳೆದಂಡೆಯ ಆಶ್ರಮದ ಅಂಗಳ ಗುಡಿಸುತ್ತಿದ್ದ. ಕಾಡುಜೀರಿಗೆ ಹೊಟ್ಟಿನಲ್ಲಿ ಏನೋ ಕಾಲಿಗೆ ಚುಚ್ಚಿತು. ಉಮ್ಮತ್ತಿಯ ಮುಳ್ಳುಕಾಯಿ.

ಅದನ್ನು ಹಿಡಿದು ಗುರು ಅಡವಯ್ಯ ಪಂಡಿತರ ಮುಂದೆ ನಿಂತ.

"ಗುರುಗಳೇ, ಈ ವಿಷದ ಕಾಯಿ ನಮ್ಮ ಹೊಟ್ಟಿನಲ್ಲಿ ಸಿಕ್ತು."

ಪಂಡಿತರು ಕಾಯಿ ಬಿಡಿಸಿದರು. ಖಾಲಿ.

"ಬೀಜ ಎಲ್ಲಿ?"

ಕೊಟ್ರೇಶ ಪುಡಿ ಕುಟ್ಟಿದ ಒರಳಿನ ಕಡೆ ನೋಡಿದ.

"ಕಾಡುಜೀರಿಗೆ ಹೇಗೆ ಕೊಯ್ದೆ?"

"ಗಿಡ ಆಳೆತ್ತರ ಬೆಳೆದಿತ್ತು. ನೇರಳೆ ಹೂ ಎಲ್ಲಾ ಒಣಗಿ ಬೀಜ ಕಟ್ಟಿತ್ತು. ಒಂದೊಂದೇ ಹೂ ಕೈಯಲ್ಲಿ ಬಿಡಿಸು ಅಂದಿದ್ದಿರಿ. ಹಾಗೆ ಕೂತರೆ ಮೂರು ದಿನ ಬೇಕು ಅಂತ..."

"ಅಂತ?"

"ಕುಡುಗೋಲು ಹಾಕಿದೆ. ಪೊದೆಪೊದೆಯೇ ಕೊಯ್ದು, ಬಡಿದು, ಕುಟ್ಟಿಬಿಟ್ಟೆ."

"ಔಷಧಿ ತರೋಕೆ ಹೋಗಿದ್ದೆಯೋ, ದನಕ್ಕೆ ಮೇವು ತರೋಕೋ?"

"ಒಂದೇ ಕಾಯಿ, ಗುರುಗಳೇ. ಏನೂ ಆಗಲಿಕ್ಕಿಲ್ಲ, ಅಲ್ವಾ?"

"ಕಂಡದ್ದು ಒಂದು."

ಪಂಡಿತರು ಆಗಲೇ ಹೊಳೆಗೆ ಇಳಿದಿದ್ದರು. ಹುಲಿಗೆವ್ವನ ಊರು ಆಚೆ ದಡ.

ಸೊಂಟದಮಟ್ಟ ನೀರಿನಲ್ಲಿ ಕೊಟ್ರೇಶ ಅಂದ, "ನೀವೇ ಹೇಳಿಬಿಡಿ ಗುರುಗಳೇ. ನನ್ನನ್ನು ಕಂಡರೆ ಸಿಗಿದುಹಾಕ್ತಾರೆ."

"ಹೇಳ್ತೀನಿ. ಪೊಟ್ಟಣ ಕಟ್ಟಿದ್ದು ಯಾರು ಅಂತ ಕೇಳಿದರೆ?"

ಆಚೆ ದಡದಲ್ಲಿ ಹೆಂಗಸೊಬ್ಬಳು ಕಿರುಚಿದಳು. ಕೊಟ್ರೇಶ ನಡುಹೊಳೆಯಲ್ಲೇ ನಿಂತುಬಿಟ್ಟ. ಇನ್ನೊಮ್ಮೆ ಕಿರುಚಿದಳು. ಎಮ್ಮೆಯನ್ನು ಬೈಯುತ್ತಿದ್ದಳು.

ಹುಲಿಗೆವ್ವ ಒಲೆ ಮುಂದೆ ಕೂತಿದ್ದಳು. ಮಗು ತೊಡೆಯ ಮೇಲಿತ್ತು.

"ಎಂಥಾ ಕಹಿನಪ್ಪಾ ನಿನ್ನ ಪುಡಿ!" ಎಂದಳು ಕೊಟ್ರೇಶನನ್ನು ಕಂಡು. "ನಾಲಿಗೆಗೆ ಮುಟ್ಟಿಸೋಕೂ ಬಿಡಲಿಲ್ಲ ಇವನು. ಈಗ ಬೆಲ್ಲದಲ್ಲಿ ಉಂಡೆ ಕಟ್ಟಿದೀನಿ. ಹೇಗೆ ತಿನ್ನಲ್ಲ ನೋಡ್ತೀನಿ."

ಉಂಡೆ ಮಗುವಿನ ಕೈಯಲ್ಲಿತ್ತು. ಕೈ ಬಾಯಿಯ ಹತ್ತಿರವಿತ್ತು.

ಕೊಟ್ರೇಶ ಹಾರಿ ಕಿತ್ತುಕೊಂಡ. ಮಗು ಚೀರಿತು.

"ವಿಷ ಸೇರಿದೆ ಅವ್ವಾ. ಆರಿಸದೆ ಕುಟ್ಟಿದೆ. ನಾನೇ ಕಟ್ಟಿಕೊಟ್ಟದ್ದು."

ಹುಲಿಗೆವ್ವ ಮಗನ ಬಾಯೊಳಗೆ ಬೆರಳು ಹಾಕಿ ತಡವಿದಳು. ಏನೂ ಇರಲಿಲ್ಲ. ಅವನನ್ನು ಎದೆಗವಚಿಕೊಂಡು ಕೊಟ್ರೇಶನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಪಂಡಿತರು ಉಂಡೆಯನ್ನೂ ಉಳಿದ ಪುಡಿಯನ್ನೂ ಹೊರಗೆ ಒಯ್ದು ಮಣ್ಣಲ್ಲಿ ಹೂತರು. "ನಿನ್ನ ಸಜ್ಜೆ ವಾಪಸು ಕಳಿಸ್ತೀನಿ ಅವ್ವಾ," ಎಂದರು.

ಹಿಂದಿರುಗುವಾಗ ಕೊಟ್ರೇಶ ದಡದಲ್ಲೇ ಕುಸಿದು ಕೂತ.

"ಕೈ ನಡುಕ ನಿಲ್ತಾನೇ ಇಲ್ಲ ಗುರುಗಳೇ. ಏನಾದರೂ ಕಷಾಯ ಕೊಡಿ."

"ನಿಲ್ಲೋದು ಬೇಡ," ಎಂದರು ಪಂಡಿತರು. "ಇವತ್ತಿನ ಸಂಪಾದನೆ ಅದೊಂದೇ."