ಹಿಂದೆ ಹೇಳುವವರು

ಗುರುವಾರ ಸಂಜೆ ಮಠದ ಭಜನೆಯಲ್ಲಿ ಗಂಭೀರ ಪರಿಸ್ಥಿತಿ ತಲೆದೋರಿತು. ಮುಂದೆ ಕೂತವರು ಹೇಳಿದ ಸಾಲನ್ನು ಹಿಂದೆ ಕೂತು ಮರಳಿ ಹೇಳಲು ಅಲ್ಲಿ ನಾಲ್ವರಿದ್ದಾರೆ. ಒಬ್ಬರಿಗೆ ನೆಗಡಿಯಾಗಿತ್ತು. ಇನ್ನೊಬ್ಬರು ಮಗಳ ಸೀಮಂತಕ್ಕೆ ಹೋಗಿದ್ದರು. ಮೂರನೆಯವರು ಸ್ಥಳದಲ್ಲಿದ್ದರೂ ನಿದ್ದೆಯಲ್ಲಿದ್ದರು. ನಾಲ್ಕನೆಯವರು ಒಬ್ಬರೇ ಹೇಳಿದರು. ಅವರಿಗೆ ಮುಂದಿನ ಎರಡು ಹಲ್ಲುಗಳಿಲ್ಲ. ಪ್ರಾಣಹಾನಿ ಸಂಭವಿಸಲಿಲ್ಲ.

ಮರುದಿನ ಬೆಳಿಗ್ಗೆ, ಭಜನೆಯ ಹೊಣೆ ಹೊತ್ತ ಶಿಷ್ಯ ದುಂಡಯ್ಯ ಒಂದು ಕಪ್ಪು ಸ್ಪೀಕರ್ ಡಬ್ಬಿ ಹಿಡಿದು ಗುರುಗಳ ಮುಂದೆ ನಿಂತ.

"ಗುರುಗಳೇ, ನೂರು ಜನ ಹಿಂದೆ ಹೇಳಿದ್ದನ್ನು ಇದರಲ್ಲಿ ತುಂಬಿಸಿಕೊಂಡು ಬಂದಿದ್ದೇನೆ. ಇವರಿಗೆ ನೆಗಡಿಯಾಗುವುದಿಲ್ಲ, ಇವರ ಮಗಳಿಗೆ ಸೀಮಂತವೂ ಇಲ್ಲ. ಮುಂದಿನ ಗುರುವಾರದಿಂದ ಇದನ್ನೇ ಇಟ್ಟರೆ ತಪ್ಪೇ?"

ಗುರುಗಳು ಡಬ್ಬಿಯನ್ನು ನೋಡಿದರು. ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಕೂರು ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಒಂದು ತಾಲ್ಲೂಕಿನ ಊರಿನಲ್ಲಿ ಒಬ್ಬ ಗಿಟಾರಿನವನಿದ್ದ. ಅವನಿಗೆ ಗಿಟಾರು ಗೊತ್ತಿತ್ತು, ಇಂಗ್ಲಿಷ್ ಹಾಡುಗಳು ಗೊತ್ತಿದ್ದವು, ತನ್ನ ಊರಿಗೆ ಸಂಗೀತ ಗೊತ್ತಿಲ್ಲ ಎಂಬುದೂ ಗೊತ್ತಿತ್ತು. ಮದುವೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದವನೊಬ್ಬ ಅವನ ಜೊತೆ ಸೇರಿದ. ಕೀಬೋರ್ಡಿನವನೊಬ್ಬ ಸೇರಿದ, ಅವನ ಬಳಿ ರಾಗಗಳಿಗಿಂತ ವೈರುಗಳು ಹೆಚ್ಚಿದ್ದವು. ಮೂವರೂ ಕೂಡಿ ಒಂದು ರಾಕ್ ಬ್ಯಾಂಡ್ ಕಟ್ಟಿದರು. ಮೊದಲ ನಾಲ್ಕು ತಿಂಗಳು ಅದಕ್ಕೆ ಹೆಸರು ಹುಡುಕಿದರು. ಐದನೆಯ ತಿಂಗಳು ಆ ಹೆಸರನ್ನು ಬದಲಾಯಿಸಿದರು. ಆರನೆಯ ತಿಂಗಳು ಒಂದು ಗೃಹಪ್ರವೇಶದಲ್ಲಿ ನುಡಿಸಿದರು. ಅವರು ಎರಡನೆಯ ಹಾಡು ಶುರು ಮಾಡುವ ಹೊತ್ತಿಗೆ ಜನ ಎದ್ದುಹೋಗಿ ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಕೂತಿದ್ದರು. ಅಡುಗೆಯವರಿಗೆ ಅಷ್ಟು ಅವಸರ ಹಿಂದೆಂದೂ ಆಗಿರಲಿಲ್ಲ.

ಆ ಮನೆಗೆ ಗಾರೆ ಮಾಡಿದವನೂ ಊಟಕ್ಕೆ ಬಂದಿದ್ದ. ಮನೆಯ ಯಜಮಾನರು ಅವನಿಗೆ ಪಂಚೆ, ಶಲ್ಯ ಕೊಟ್ಟು, "ನಿಂದೂ ಒಂದು ಪದ ಆಗ್ಲಪ್ಪ" ಅಂದರು. ಅವನು ಚೀಲದಿಂದ ಏಕತಾರಿ ತೆಗೆದ. ಒಂದು ತತ್ವಪದ ಹೇಳಿದ.

ಬಾಗಿಲಿಲ್ಲದ ಮನೆಗೆ ಬೀಗ ಹಾಕಿದೆನಲ್ಲ.

ಹೇಳಿ ನಿಲ್ಲಿಸಿದ. ಉಣ್ಣುತ್ತಿದ್ದವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಅದನ್ನು ಮರಳಿ ಹೇಳಿದರು. ಆಮೇಲೆ ಅವನು ಎರಡನೆಯ ಸಾಲಿಗೆ ಹೋದ.

ಗಿಟಾರಿನವನು ಅನ್ನ ಕಲಸುವುದನ್ನು ಬಿಟ್ಟು ನೋಡಿದ. ಕೈ ತೊಳೆದವನೇ ಗಾರೆಯವನ ಹತ್ತಿರ ಹೋದ.

"ಅಣ್ಣ, ನಮ್ ಜೊತೆ ಬರ್ತೀಯಾ?"

"ಬಂದು ಏನ್ ಮಾಡ್ಲಪ್ಪ?"

"ನೀನ್ ಹಾಡು. ನಾವ್ ನುಡಿಸ್ತೀವಿ."

"ಹಿಂದೆ ಯಾರ್ ಹೇಳ್ತಾರೆ?"

ಗಿಟಾರಿನವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೂ ಉತ್ತರ ಕೊಟ್ಟ. "ಜನ ಹೇಳ್ತಾರೆ ಬಾರಣ್ಣ."

ಆ ಒಂದು ಮಾತಿನ ಮೇಲೆ ಗಾರೆಯವನು ಒಪ್ಪಿದ. ಬೇರೆ ಏನನ್ನೂ ಕೇಳಲಿಲ್ಲ.

ಅವನ ಪದ್ಧತಿ ಇದು. ಅವನ ಓಣಿಯಲ್ಲಿ ಹಿಟ್ಟಿನ ಗಿರಣಿಯ ಮುಂದೆ ಒಂದು ಕಟ್ಟೆಯಿತ್ತು. ಪ್ರತಿ ಸೋಮವಾರ ಸಂಜೆ ಅಲ್ಲಿ ಹದಿನೈದು ಜನ ಕೂಡುತ್ತಿದ್ದರು. ಅವನು ಒಂದು ಸಾಲು ಹೇಳಿದರೆ ಅವರು ಮರಳಿ ಹೇಳುವರು. ಅವರು ಹೇಳದೆ ಅವನು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಹೇಳದಿದ್ದರೆ ಅದೇ ಸಾಲನ್ನು ಮತ್ತೆ ಹೇಳುತ್ತಿದ್ದ. ಅವನ ಗುರು ಹಾಗೆ ಕಲಿಸಿದ್ದ, ಆ ಗುರುವಿನ ಗುರುವೂ ಹಾಗೆಯೇ ಕಲಿಸಿದ್ದ. ಡ್ರಮ್ಮಿನವನು ಇದೇನು ಹಟ ಎಂದು ಒಮ್ಮೆ ಕೇಳಿದ. ಗಾರೆಯವನು ತನ್ನ ಕೆಲಸದ ಮಾತಿನಲ್ಲೇ ಹೇಳಿದ: "ಕೆಳಗಿಂದ ಇಟ್ಟಿಗೆ ಎಸೀತೀವಿ. ಮೇಲಿರೋನು ಹಿಡ್ಕೊಂಡ ಅಂತ ನೋಡ್ದೆ ಇನ್ನೊಂದು ಎಸೆಯಕ್ಕಾಗುತ್ತೇನಪ್ಪ?"

ನಾಲ್ವರು ಮೊದಲ ಸಲ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿದರು. ಗಾರೆಯವನು ಮೊದಲ ಸಾಲು ಹೇಳಿ ನಿಲ್ಲಿಸಿದ. ಎದುರಿಗಿದ್ದ ಸಾವಿರ ಹುಡುಗರು ಸುಮ್ಮನಿದ್ದರು. ಅವನು ಅದೇ ಸಾಲನ್ನು ಮತ್ತೆ ಹೇಳಿದ. ಗಿಟಾರಿನವನು ಕಣ್ಣಲ್ಲಿ ಸನ್ನೆ ಮಾಡಿದ. ಮೂರನೆಯ ಸಲ ಹೇಳಿದ. ಡ್ರಮ್ಮಿನವನು ಹಿಂದಿನಿಂದ ಕೋಲಿನಲ್ಲಿ ಬೆನ್ನಿಗೆ ತಿವಿದ. ನಾಲ್ಕನೆಯ ಸಲ ಹೇಳಿದ.

"ಅಣ್ಣ ಹ್ಯಾಂಗ್ ಆಗವ್ನೆ ಕಣ್ರೋ!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಆಫ್ ಮಾಡಿ ಆನ್ ಮಾಡ್ರೋ!"

ಎಲ್ಲರೂ ನಕ್ಕರು. ನಗುತ್ತ, ಅಣಕಿಸುತ್ತ, ಆ ಸಾಲನ್ನು ಅವನ ದನಿಯಲ್ಲೇ ಮರಳಿ ಹೇಳಿದರು. ಗಾರೆಯವನು ತಲೆಯಾಡಿಸಿ ಎರಡನೆಯ ಸಾಲಿಗೆ ಹೋದ. ಬೀಗದ ಕೈಯನ್ನು ಯಾರ ಕೈಗೆ ಕೊಡಲಿ. ಹುಡುಗರು ಅದನ್ನೂ ಅಣಕಿಸಿದರು. ಮೂರನೆಯ ಸಾಲಿನಲ್ಲಿ ಅಣಕ ಕಡಿಮೆಯಾಯಿತು. ಐದನೆಯ ಸಾಲಿನಲ್ಲಿ ಅದು ಇರಲಿಲ್ಲ. ಪದ ಮುಗಿದಾಗ ಸಾವಿರ ಜನರ ಗಂಟಲು ಒಂದೇ ಶ್ರುತಿಗೆ ಬಂದಿತ್ತು. ಗಾರೆಯವನು ಯಾವಾಗಿನಂತೆ ಕೈ ಮುಗಿದು ಕೆಳಗಿಳಿದ. ಸೋಮವಾರ ಹದಿನೈದು ಜನ ಮಾಡುತ್ತಿದ್ದುದನ್ನು ಅಲ್ಲಿ ಸಾವಿರ ಜನ ಮಾಡಿದ್ದರು, ಅಷ್ಟೆ.

ಮರುದಿನದ ಪತ್ರಿಕೆ ಇದನ್ನು ಹೊಸ ಪ್ರಯೋಗ ಎಂದು ಬರೆಯಿತು. ಪ್ರಯೋಗ ತನ್ನದೇ ಎಂದು ಗಿಟಾರಿನವನಿಗೂ ಆಗಲೇ ತಿಳಿದದ್ದು. ಬ್ಯಾಂಡಿಗೆ ಮೂರನೆಯ ಸಲ ಹೆಸರಿಟ್ಟರು: ಬೀಗದ ಕೈ. ಸಂಗೀತಕ್ಕೆ ಜನಪದ ರಾಕ್ ಎಂದು ಹೆಸರಿಟ್ಟರು. ಗಾರೆಯವನು ಕಾರ್ಯಕ್ರಮಕ್ಕೆಂದು ಒಗೆದು ಇಸ್ತ್ರಿ ಮಾಡಿಸಿಕೊಂಡು ಬರುತ್ತಿದ್ದ ಬಿಳಿ ಅಂಗಿಯನ್ನು ಬಿಡಿಸಿದರು. "ಅಣ್ಣ, ಇದ್ರಲ್ಲಿ ನೀನು ಜನಪದ ಕಾಣಲ್ಲ" ಎಂದು, ಹೊಸ ಬಟ್ಟೆಗೆ ತೇಪೆ ಹಾಕಿಸಿ ತೊಡಿಸಿದರು. ಅವನು ಹುಟ್ಟಿದಾಗಿನಿಂದ ತೇಪೆ ಹಾಕಿದ ಬಟ್ಟೆಯನ್ನು ತಪ್ಪಿಸಿಕೊಳ್ಳಲು ದುಡಿದವನು. ಆದರೂ ತೊಟ್ಟ. ಜನ ಹಿಂದೆ ಹೇಳುತ್ತಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು.

ಊರೂರು ತಿರುಗಿದರು. ಕೆಲವು ಊರಿನಲ್ಲಿ ಜನ ಬೇಗ ಹೇಳಿದರು. ಕೆಲವು ಊರಿನಲ್ಲಿ ತಡವಾಗಿ ಹೇಳಿದರು. ರಾಣೆಬೆನ್ನೂರಿನಲ್ಲಿ ಅವನು ಮೊದಲ ಸಾಲನ್ನು ಹದಿನಾಲ್ಕು ಸಲ ಹೇಳಬೇಕಾಯಿತು. ಆಮೇಲೆ ಆ ಊರು ಹೇಳಿದಂತೆ ಬೇರೆ ಯಾವ ಊರೂ ಹೇಳಲಿಲ್ಲ. ಆದರೆ ಆ ಹದಿನಾಲ್ಕು ಸಲದ ನಡುವೆ ಗಿಟಾರಿನವನು ಬೆವೆತಿದ್ದ. ವಾಪಸು ಬರುವಾಗ ವ್ಯಾನಿನಲ್ಲಿ ಮೂವರು ಮಾತಾಡಿಕೊಂಡರು. ಗಾರೆಯವನು ಹಿಂದಿನ ಸೀಟಿನಲ್ಲಿ ಏಕತಾರಿಯನ್ನು ಎದೆಗೊರಗಿಸಿಕೊಂಡು ಕಣ್ಣು ಮುಚ್ಚಿದ್ದ.

ಕೀಬೋರ್ಡಿನವನ ವೈರುಗಳು ಆಗ ಉಪಯೋಗಕ್ಕೆ ಬಂದವು. ಕಾಲೇಜಿನ ಹುಡುಗರು ಹಿಂದೆ ಹೇಳಿದ್ದು ರೆಕಾರ್ಡ್ ಆಗಿತ್ತು. ಅದನ್ನು ಅವನು ಸಾಲು ಸಾಲಾಗಿ ಕತ್ತರಿಸಿ ಯಂತ್ರದಲ್ಲಿ ಇಟ್ಟ. ಗಾರೆಯವನು ಒಂದು ಸಾಲು ಹೇಳಿ ನಿಲ್ಲಿಸಿದರೆ, ಸಾವಿರ ಜನರ ದನಿ ದೊಡ್ಡ ಸ್ಪೀಕರಿನಿಂದ ಹೊರಗೆ ಬರುತ್ತಿತ್ತು. ತಡವಿಲ್ಲ, ಬೆವರಿಲ್ಲ. ದೀಪಗಳನ್ನೂ ಅದೇ ಯಂತ್ರಕ್ಕೆ ಕಟ್ಟಿದರು. ಗಾರೆಯವನಿಗೆ ಇದನ್ನು ಯಾರೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದು ಏನಿದೆ ಎಂದು.

ಗಾರೆಯವನು ಆ ದಿನಗಳಲ್ಲಿ ತುಂಬ ಸಂತೋಷದಲ್ಲಿದ್ದ. ಸೋಮವಾರ ಊರಿನಲ್ಲಿದ್ದಾಗ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: "ಈಗೀಗ ಜನ ಒಂದೇ ಏಟಿಗೆ ಹಿಡೀತಾರೆ ಕಣ್ರಪ್ಪ. ಎಷ್ಟ್ ದೂರದ ಊರಾದ್ರೂ ಸರಿ. ಎಲ್ಲಾ ಊರಿಂದೂ ಒಂದೇ ಗಂಟ್ಲು."

ಆರು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ದೊಡ್ಡ ನಗರದಲ್ಲಿ ಹಾಡುವಾಗ ಅವನಿಗೆ ಕೆಮ್ಮು ಬಂತು. ಮೂರನೆಯ ಸಾಲನ್ನು ಹೇಳಲು ಆಗಲಿಲ್ಲ. ಬಾಯಿಗೆ ಶಲ್ಯ ಒತ್ತಿಕೊಂಡು ನಿಂತ. ಆಗ ಸಾವಿರ ಜನ ಆ ಮೂರನೆಯ ಸಾಲನ್ನು ಮರಳಿ ಹೇಳಿದರು.

ಗಾರೆಯವನು ಕಣ್ಣು ತೆರೆದು ಎದುರಿಗಿದ್ದವರನ್ನು ನೋಡಿದ. ಅಷ್ಟು ದಿನ ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ. ಜನ ಮೊಬೈಲು ಎತ್ತಿ ಹಿಡಿದಿದ್ದರು. ಅವರ ಬಾಯಿ ಮುಚ್ಚಿತ್ತು. ಅವನು ಮೈಕಿನ ಹತ್ತಿರ ಬಂದು, ನಾಲ್ಕನೆಯ ಸಾಲಿನ ಬದಲು, "ನಂಗೆ ಸ್ವಲ್ಪ ನೀರು ಕೊಡ್ರಪ್ಪ" ಎಂದ. ಸಾವಿರ ಜನ ನಾಲ್ಕನೆಯ ಸಾಲನ್ನು ಹೇಳಿದರು. ನೀಲಿ ದೀಪ ಹತ್ತಿತು. ಚಪ್ಪಾಳೆ ಬಿತ್ತು.

ಅವನು ಪದವನ್ನು ಹೇಗೋ ಮುಗಿಸಿದ. ಕೆಳಗಿಳಿದ ಮೇಲೆ ಗಿಟಾರಿನವನನ್ನು ಕೇಳಿದ.

"ಅವ್ರು ಹೇಳ್ತಾ ಇಲ್ವೇನಪ್ಪ?"

"ಹೇಳ್ತಾರಣ್ಣ. ಒಂದೊಂದ್ಸಲ ಹೇಳಲ್ಲ. ಅದಕ್ಕೆ ಒಂದು ಸಪೋರ್ಟು."

"ಯಾವಾಗಿಂದ?"

"ರಾಣೆಬೆನ್ನೂರು ಆದ್ಮೇಲೆ."

"ಹೇಳ್ದಿದ್ರೆ ನಾನು ಕಾಯ್ತಿದ್ನಲ್ಲಪ್ಪ."

"ನೀನು ಕಾಯ್ತೀಯ ಅಂತಾನೇ ಅಣ್ಣ ಹಾಕಿದ್ದು."

ಗಾರೆಯವನು ಒಂದು ಊರಿನಲ್ಲಾದರೂ ಯಂತ್ರ ನಿಲ್ಲಿಸಿ ಎಂದು ಕೇಳಿದ. ಮೂವರೂ ಬಹಳ ಗೌರವದಿಂದ ವಿಚಾರ ಮಾಡಿದರು. ದೀಪಗಳನ್ನೂ ಅದಕ್ಕೇ ಕಟ್ಟಿರುವುದರಿಂದ ಆಗುವುದಿಲ್ಲ ಎಂದು ತಿಳಿಸಿದರು. ಅವನು ತೇಪೆಯ ಬಟ್ಟೆ ಮಡಿಸಿ ವ್ಯಾನಿನ ಸೀಟಿನ ಮೇಲಿಟ್ಟು, ಬಸ್ಸು ಹತ್ತಿ ಊರಿಗೆ ಬಂದ. ಮುಂದಿನ ವಾರದ ಕಾರ್ಯಕ್ರಮ ರದ್ದಾಗಲಿಲ್ಲ. ಹಿಂದೆ ಹೇಳುವವರಂತೆ ಮುಂದೆ ಹೇಳುವವನ ದನಿಯೂ ಅಷ್ಟರಲ್ಲಿ ಯಂತ್ರದಲ್ಲಿತ್ತು. ಹಿರಿಯ ಗಾಯಕರು ವಿಶ್ರಾಂತಿಯಲ್ಲಿದ್ದಾರೆ ಎಂದು ಪ್ರಕಟಿಸಿದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಇತ್ತ ಗಾರೆಯವನು ಸೋಮವಾರಕ್ಕಾಗಿ ಕಾದ. ನನಗೆ ಹದಿನೈದು ಜನ ಸಾಕು, ಸಾವಿರ ಯಾಕೆ ಬೇಕಿತ್ತು ಎಂದು ಹೆಂಡತಿಗೆ ಹೇಳಿದ. ಸಂಜೆ ಬಿಳಿ ಅಂಗಿ ತೊಟ್ಟು ಕಟ್ಟೆಗೆ ಬಂದ. ಅಲ್ಲಿ ಹದಿನೈದು ಜನ ಇರಲಿಲ್ಲ. ಇನ್ನೂರು ಜನ ಇದ್ದರು. ಹೆಸರಾದ ಗಾಯಕ ಪುಕ್ಕಟೆ ಹಾಡುತ್ತಾನೆ ಎಂದು ಸುದ್ದಿಯಾಗಿತ್ತು. ಗಣ್ಯರೊಬ್ಬರಿಗೆ ಮುಂದೆ ಒಂದು ಕುರ್ಚಿ ಹಾಕಿದ್ದರು. ಮೊದಲಿನ ಹದಿನೈದು ಜನಕ್ಕೆ ಗಿರಣಿಯ ಗೋಡೆಯ ಹತ್ತಿರ ನಿಲ್ಲಲು ಜಾಗ ಸಿಕ್ಕಿತ್ತು.

ಗಾರೆಯವನ ಮುಖ ಅರಳಿತು. ತಂತಿ ಬಿಗಿ ಮಾಡಿದ. ಮೊದಲ ಸಾಲು ಹೇಳಿ ನಿಲ್ಲಿಸಿದ.

ಯಾರೂ ಹೇಳಲಿಲ್ಲ. ಇನ್ನೂರು ಮೊಬೈಲುಗಳು ಮೇಲೆದ್ದಿದ್ದವು. ಹೇಳಿದರೆ ತಮ್ಮ ದನಿ ರೆಕಾರ್ಡಿನಲ್ಲಿ ಸೇರಿ ಹಾಡು ಕೆಡುತ್ತದೆ. ಅಷ್ಟು ತಿಳಿವಳಿಕೆ ಎಲ್ಲರಿಗೂ ಇತ್ತು.

ಅವನು ಮತ್ತೆ ಹೇಳಿದ. ಗೋಡೆಯ ಹತ್ತಿರದಿಂದ ಒಬ್ಬ ಮುದುಕಿ, ಇಪ್ಪತ್ತು ವರ್ಷ ಅವನ ಹಿಂದೆ ಹೇಳಿದವಳು, ಬಾಗಿಲಿಲ್ಲದ ಮನೆಗೆ ಎಂದು ದನಿ ತೆಗೆದಳು. ಮುಂದಿನ ಕುರ್ಚಿಯಲ್ಲಿ ಕೂತಿದ್ದವನು ಹಿಂದೆ ತಿರುಗದೆ ಕೈ ಎತ್ತಿದ. "ಶ್! ಹಾಡೋರು ಹಾಡ್ಲಿ, ಸುಮ್ನಿರಮ್ಮ." ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಉಳಿದ ಹದಿನಾಲ್ಕು ಜನ ಅವಳನ್ನು ನೋಡಿ ಬಾಯಿ ತೆರೆಯಲಿಲ್ಲ.

ಗಾರೆಯವನು ಮೂರನೆಯ ಸಲ ಹೇಳಿದ. ಹತ್ತನೆಯ ಸಲ ಹೇಳಿದ. ಇಪ್ಪತ್ತು ದಾಟಿದ ಮೇಲೆ ಯಾರೂ ಎಣಿಸಲಿಲ್ಲ. "ಅಣ್ಣ, ಇದು ಸಿಕ್ತು, ಮುಂದಿಂದು ಹೇಳಣ್ಣ" ಎಂದು ಒಬ್ಬ ಸಹಾಯ ಮಾಡಿದ. ಗಾರೆಯವನು ಏಕತಾರಿಯನ್ನು ತೊಡೆಯ ಮೇಲೆ ಮಲಗಿಸಿದ. ಇನ್ನೂ ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದ. ಆಮೇಲೆ ಎದ್ದು ಮನೆಗೆ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ದುಂಡಯ್ಯನಿಗೆ ಕೋಪ ಬಂದಿತ್ತು. "ಗಿಟಾರಿನವನದು ಹೊಟ್ಟೆಪಾಡು, ಹೋಗಲಿ ಗುರುಗಳೇ. ಆ ಮುದುಕಿ ಒಬ್ಬಳು ಹೇಳಿದ್ದರೆ ಅವನು ಎರಡನೆಯ ಸಾಲಿಗೆ ಹೋಗುತ್ತಿದ್ದ. ಅವಳ ಬಾಯಿ ಮುಚ್ಚಿಸಿ ಕುರ್ಚಿಯಲ್ಲಿ ಕೂತಿದ್ದ ಆ ಮೂಢ ಯಾರು?"

"ಆ ಕುರ್ಚಿಗೆ ಮಠದಿಂದ ನನ್ನನ್ನು ಕರೆಸಿದ್ದರು" ಎಂದರು ಗುರುಗಳು.

ದುಂಡಯ್ಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

ಗಾರೆಯವನು ಆ ಸೋಮವಾರದ ನಂತರ ಹಾಡಿಲ್ಲ. ಬೀಗದ ಕೈ ತಂಡ ಈ ವರ್ಷ ಎಪ್ಪತ್ತೆರಡು ಕಾರ್ಯಕ್ರಮ ಕೊಟ್ಟಿದೆ.